ಬೇಳೆ ಬೇಯದ ನೀರಿಗೆ ಯಾವ ವಾಷಿಂಗ್ ಮಷಿನ್? ಕೋಲಾರದ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಮನೆ ಕೋಲಾರದಲ್ಲಿ, ಅಂತರಗಂಗೆ ಬೆಟ್ಟ ಕಾಣುವಷ್ಟು ಹತ್ತಿರದಲ್ಲಿದೆ. ನಮ್ಮ ಕೊಳವೆಬಾವಿಯ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಕುಕ್ಕರ್ ಆರು ಸಲ ಕೂಗಿದರೂ ಬೇಳೆ ಬಿಡಿಬಿಡಿಯಾಗಿಯೇ ಉಳಿಯುತ್ತದೆ. ಅದಕ್ಕಾಗಿ ಅಡುಗೆಗೆ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನು ತರುತ್ತೇವೆ. ಬಟ್ಟೆಗೆ ಮಾತ್ರ ಅದೇ ಉಪ್ಪುನೀರು.

ಒಂಬತ್ತು ವರ್ಷಗಳ ಹಿಂದೆ ಮೊದಲ ವಾಷಿಂಗ್ ಮಷಿನ್ ಕೊಳ್ಳಲು ಹೋದಾಗ ಅಂಗಡಿಯವರು ಕೇಳಿದ್ದು ಎರಡೇ ಪ್ರಶ್ನೆ: ಮನೆಯಲ್ಲಿ ಎಷ್ಟು ಜನ, ಎಷ್ಟು ದುಡ್ಡಿನೊಳಗೆ ಬೇಕು. ನೀರು ಯಾವುದು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀರು ಕಾಯಿಸುವ ಹೀಟರ್ ಇರುವ, ಮುಂದಿನ ಬಾಗಿಲಿನಿಂದ ಬಟ್ಟೆ ಹಾಕುವ ಫ್ರಂಟ್ ಲೋಡ್ ಯಂತ್ರ ಮನೆಗೆ ಬಂತು. ಮೂರನೆಯ ವರ್ಷ ಹೀಟರ್ ಸುಟ್ಟುಹೋಯಿತು. ದುರಸ್ತಿಗೆ ಬಂದವರು ಅದನ್ನು ಬಿಚ್ಚಿ ನನ್ನ ಕೈಗಿಟ್ಟಾಗ ಕಂಡದ್ದು ಲೋಹವಲ್ಲ, ಗಾರೆ ಮೆತ್ತಿದಂತಹ ಬಿಳಿ ಹಕ್ಕಳೆ. ವಾರಂಟಿ ಕಾರ್ಡಿನ ಸಣ್ಣ ಅಕ್ಷರಗಳಲ್ಲಿ, ಗಡಸು ನೀರಿನಿಂದ ಆಗುವ ಹಾನಿಗೆ ತಾವು ಹೊಣೆಯಲ್ಲ ಎಂದು ಬರೆದಿತ್ತು.

ಆ ಬಳಿಕ ನೆಂಟರ, ನೆರೆಯವರ ಏಳೆಂಟು ಮನೆಗಳಿಗೆ ಯಂತ್ರ ಆರಿಸಲು ಜೊತೆಗೆ ಹೋಗಿದ್ದೇನೆ. ಪ್ರತಿಯೊಂದು ಮನೆಯಲ್ಲೂ ಮೊದಲು ನೋಡಿದ್ದು ನೀರನ್ನು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಸಾವಿರ ಅಡಿ ಆಳದಿಂದ ನೀರೆತ್ತುವ ಜಿಲ್ಲೆಯಲ್ಲಿ ಕಂಪನಿ, ಬಣ್ಣ, ರಿಯಾಯಿತಿ ಎಲ್ಲವೂ ನೀರಿನ ನಂತರದ ಮಾತು. ಈ ಬರಹವೂ ಅದೇ ಕ್ರಮದಲ್ಲಿ ಸಾಗುತ್ತದೆ.

1. ಅಂಗಡಿಗೆ ಹೋಗುವ ಮುನ್ನ ನೀರನ್ನು ಪರೀಕ್ಷಿಸಿ

ಗಡಸು ನೀರು ಎಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರು. ನಮ್ಮ ಕಡೆ ಇದನ್ನು ಉಪ್ಪುನೀರು ಎನ್ನುತ್ತೇವೆ, ಆದರೆ ನಾಲಿಗೆಗೆ ಉಪ್ಪಾಗಿ ತಿಳಿಯದ ನೀರೂ ಬಹಳ ಗಡಸಾಗಿರಬಹುದು. ಸೋಪು ಈ ಲವಣಗಳೊಡನೆ ಸೇರಿ ಜಿಡ್ಡುಜಿಡ್ಡಾದ ಬೂದು ಕೆನೆಯಾಗುತ್ತದೆ. ಬಟ್ಟೆ ಒಗೆಯುವ ಕೆಲಸಕ್ಕೆ ಅಷ್ಟು ಸೋಪು ನಷ್ಟ. ಆ ಕೆನೆ ಬಟ್ಟೆಯ ಎಳೆಗಳಲ್ಲೂ ಕೂರುತ್ತದೆ. ಬಿಳಿ ಪಂಚೆ ಮಾಸಲಾಗುವುದಕ್ಕೂ ಟವೆಲ್ ಒಣಗಿದಾಗ ಹಪ್ಪಳದಂತೆ ಸೆಟೆದುಕೊಳ್ಳುವುದಕ್ಕೂ ಕಾರಣ ಇದೇ. ಯಂತ್ರಕ್ಕೆಂದೇ ತಯಾರಿಸಿದ ಡಿಟರ್ಜೆಂಟ್ ಪುಡಿಗಳು ಸೋಪಿಗಿಂತ ಚೆನ್ನಾಗಿ ಗಡಸು ನೀರನ್ನು ತಡೆದುಕೊಳ್ಳುತ್ತವೆ, ಆದರೂ ಅವುಗಳಿಗೂ ಮಿತಿಯಿದೆ.

ಮನೆಯಲ್ಲೇ ಎರಡು ಪರೀಕ್ಷೆ ಮಾಡಬಹುದು. ಒಂದೇ ಅಳತೆಯ ಎರಡು ಪಾರದರ್ಶಕ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಮಳೆನೀರು ಅಥವಾ ಕ್ಯಾನಿನ ಶುದ್ಧ ನೀರು, ಇನ್ನೊಂದಕ್ಕೆ ನಿಮ್ಮ ಕೊಳವೆಬಾವಿಯ ನೀರು ಅರ್ಧದವರೆಗೆ ಹಾಕಿ. ಸ್ನಾನದ ಸೋಪನ್ನು ಹೆರೆದು ಎರಡಕ್ಕೂ ಒಂದೇ ಪ್ರಮಾಣದಲ್ಲಿ ಉದುರಿಸಿ, ಮುಚ್ಚಳ ಬಿಗಿದು ಇಪ್ಪತ್ತು ಸಲ ಕುಲುಕಿ. ಮೊದಲ ಬಾಟಲಿಯಲ್ಲಿ ನೊರೆ ಎದ್ದು ನಿಲ್ಲುತ್ತದೆ. ಎರಡನೆಯದರಲ್ಲಿ ನೊರೆ ಕೂಡಲೇ ಇಳಿದು ನೀರು ಹಾಲಿನಂತೆ ಮಬ್ಬಾಗಿ ಮೇಲೆ ಕೆನೆ ತೇಲಿದರೆ ನೀರು ಗಡಸು.

ಎರಡನೆಯ ಪರೀಕ್ಷೆ ಇನ್ನೂ ಮುಖ್ಯ. ಒಂದು ಸ್ಟೀಲ್ ಪಾತ್ರೆಯಲ್ಲಿ ಆ ನೀರನ್ನು ಹತ್ತು ನಿಮಿಷ ಕುದಿಸಿ, ಆರಲು ಬಿಡಿ. ತಳದಲ್ಲಿ ಬಿಳಿ ಪುಡಿ ಕೂತಿದ್ದರೆ ಆ ನೀರಿನಲ್ಲಿ ಬೈಕಾರ್ಬನೇಟ್ ಇದೆ ಎಂದರ್ಥ. ಕಾಯಿಸಿದಾಗ ಅದು ಒಡೆದು ಸುಣ್ಣದಂತಹ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಬಿಸಿ ಇರುವ ಕಡೆಯೇ ಅಂಟಿಕೊಳ್ಳುತ್ತದೆ. ಗೀಸರ್ ಕಾಯಿಲ್ ಹಾಳಾಗುವುದೂ ವಾಷಿಂಗ್ ಮಷಿನ್ ಹೀಟರ್ ಹಾಳಾಗುವುದೂ ಹೀಗೆಯೇ.

ಅಂಕಿ ಬೇಕೆಂದರೆ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದೆಯೇ ಎಂದು ಕೇಳಿ. ಒಟ್ಟು ಗಡಸುತನದ ಅಂಕಿಯನ್ನೇ ಕೇಳಿ ಪಡೆಯಿರಿ. ಕ್ಯಾನ್ ನೀರಿನವರ ಬಳಿ ಇರುವ ಟಿಡಿಎಸ್ ಮೀಟರ್ ಕರಗಿದ ಎಲ್ಲ ಲವಣಗಳನ್ನು ಒಟ್ಟಾಗಿ ತೋರಿಸುತ್ತದೆಯೇ ಹೊರತು ಗಡಸುತನವನ್ನು ಬೇರೆಯಾಗಿ ತೋರಿಸುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಪ್ಪಿತ. ಬೇರೆ ನೀರಿನ ಮೂಲವೇ ಇಲ್ಲದ ಕಡೆ 600ರವರೆಗೆ ಬಿಡಬಹುದು. ನಾನು ಬಟ್ಟೆಗೂ ಇದೇ ಅಂಕಿಗಳನ್ನು ಗೆರೆಯಾಗಿ ಇಟ್ಟುಕೊಂಡಿದ್ದೇನೆ. 200ರ ಒಳಗಿದ್ದರೆ ಯಾವ ಯಂತ್ರವಾದರೂ ಸರಿ. 200ರಿಂದ 600ರವರೆಗೆ ಎಚ್ಚರಿಕೆಯಿಂದ ಆರಿಸಬೇಕು. 600 ದಾಟಿದರೆ ಹೀಟರನ್ನು ಮರೆತುಬಿಡಿ.

ಮನೆಗೆ ನಗರಸಭೆಯ ನಲ್ಲಿ, ಸ್ವಂತ ಕೊಳವೆಬಾವಿ, ಟ್ಯಾಂಕರ್ ಹೀಗೆ ಎರಡು ಮೂರು ಕಡೆಯಿಂದ ನೀರು ಬರುತ್ತಿದ್ದರೆ ಎಲ್ಲವನ್ನೂ ಬೇರೆ ಬೇರೆಯಾಗಿ ನೋಡಿ. ಎರಡು ಬೀದಿಗಳ ನಡುವೆಯೇ ನೀರಿನ ಗುಣ ಬದಲಾಗುವುದನ್ನು ನಾನು ಕಂಡಿದ್ದೇನೆ, ಹಾಗಾಗಿ ಪಕ್ಕದ ಮನೆಯ ಅಂಕಿಯನ್ನು ನಂಬಬೇಡಿ.

2. ನಲ್ಲಿಯ ಒತ್ತಡವನ್ನು ಅಳೆಯಿರಿ

ಬಹಳ ಜನ ಈ ಹಂತವನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಹೊಸ ಯಂತ್ರ ನೀರು ತುಂಬದೆ ಕೂಗಿಕೊಳ್ಳುತ್ತಿದೆ ಎಂದು ಫೋನ್ ಮಾಡುತ್ತಾರೆ.

ಲೆಕ್ಕ ಸರಳ. ಮೇಲಿನ ಟ್ಯಾಂಕಿನ ತಳದಿಂದ ಯಂತ್ರದ ನಲ್ಲಿಗೆ ಇರುವ ಎತ್ತರದಲ್ಲಿ ಪ್ರತಿ 1 ಮೀಟರಿಗೆ ಸುಮಾರು 0.1 ಬಾರ್ ಒತ್ತಡ ಸಿಗುತ್ತದೆ. ಒಂದೇ ಅಂತಸ್ತಿನ ಮನೆಯಲ್ಲಿ ಟ್ಯಾಂಕ್ ಮೂರಡಿ ಕಟ್ಟೆಯ ಮೇಲಿದ್ದರೆ ನಲ್ಲಿಯವರೆಗೆ 3 ಮೀಟರ್ ಸಿಗಬಹುದು, ಅಂದರೆ 0.3 ಬಾರ್. ಯಂತ್ರದ ಕೈಪಿಡಿಯಲ್ಲಿ ಇದನ್ನು ಮೆಗಾಪ್ಯಾಸ್ಕಲ್‌ನಲ್ಲಿ ಬರೆದಿರುತ್ತಾರೆ, 0.1 ಮೆಗಾಪ್ಯಾಸ್ಕಲ್ ಎಂದರೆ 1 ಬಾರ್. ಕನಿಷ್ಠ ಒತ್ತಡ 0.03 ಮೆಗಾಪ್ಯಾಸ್ಕಲ್ ಎಂದಿದ್ದರೆ ನಿಮ್ಮ ಮನೆಯಲ್ಲಿ ಅದು ಹೇಗೋ ನಡೆಯುತ್ತದೆ. 0.1 ಎಂದಿದ್ದರೆ ಟ್ಯಾಂಕ್ 10 ಮೀಟರ್ ಮೇಲಿರಬೇಕು. ಅದು ಮೂರು ಅಂತಸ್ತಿನ ಎತ್ತರ. ಹೆಚ್ಚು ಒತ್ತಡ ಕೇಳುವುದು ಸಾಮಾನ್ಯವಾಗಿ ಫ್ರಂಟ್ ಲೋಡ್ ಯಂತ್ರಗಳೇ. ಕಡಿಮೆ ಒತ್ತಡಕ್ಕೆಂದೇ ತಯಾರಿಸಿದ ಟಾಪ್ ಲೋಡ್ ಮಾದರಿಗಳು ಸಿಗುತ್ತವೆ.

ಜೊತೆಗೆ ಬಕೆಟ್ ಪರೀಕ್ಷೆ ಮಾಡಿ. ಯಂತ್ರಕ್ಕೆಂದು ಗೊತ್ತುಮಾಡಿದ ನಲ್ಲಿಯನ್ನು ಪೂರ್ತಿ ತಿರುಗಿಸಿ, 10 ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ನೋಡಿ. ಎರಡು ನಿಮಿಷ ದಾಟಿದರೆ ಮೊದಲು ಕೊಳಾಯಿ ಸರಿಪಡಿಸಿ. ಹಳೆಯ ಕಬ್ಬಿಣದ ಪೈಪಿನ ಒಳಗೂ ಅದೇ ಬಿಳಿ ಹಕ್ಕಳೆ ಕಟ್ಟಿ ದಾರಿ ಕಿರಿದಾಗಿರುತ್ತದೆ. ನಮ್ಮ ಬೀದಿಯ ಒಂದು ಮನೆಯಲ್ಲಿ ಒತ್ತಡ ಹೆಚ್ಚಿಸುವ ಪಂಪ್ ಕೊಳ್ಳಲು ಹೊರಟಿದ್ದರು. ಟ್ಯಾಂಕಿನಿಂದ ಇಳಿಯುವ ಪೈಪನ್ನು ಅರ್ಧ ಇಂಚಿನಿಂದ ಒಂದು ಇಂಚಿಗೆ ಬದಲಾಯಿಸಿದ್ದೇ ಸಾಕಾಯಿತು.

3. ಬಟ್ಟೆಯನ್ನು ತೂಗಿ, ಜನರನ್ನು ಎಣಿಸಬೇಡಿ

ಯಂತ್ರದ ಮೇಲೆ 7 ಕೆ.ಜಿ. ಎಂದು ಬರೆದಿದ್ದರೆ ಅದು ಒಣ ಹತ್ತಿ ಬಟ್ಟೆಯ ತೂಕ. ಒಂದು ಅಂಗಿ ಸುಮಾರು 200ರಿಂದ 250 ಗ್ರಾಂ, ಜೀನ್ಸ್ ಪ್ಯಾಂಟ್ 600ರಿಂದ 700, ನೂಲಿನ ಸೀರೆ 500ರ ಆಸುಪಾಸು, ದೊಡ್ಡ ಟವೆಲ್ 400, ಜೋಡಿ ಮಂಚದ ಹೊದಿಕೆ ಮುಕ್ಕಾಲು ಕಿಲೋದಿಂದ ಒಂದು ಕಿಲೋ. ಒಂದು ವಾರದ ಬಟ್ಟೆಯನ್ನು ಗಂಟು ಕಟ್ಟಿ ತಕ್ಕಡಿಗೆ ಹಾಕಿ. ಅದನ್ನು ವಾರದಲ್ಲಿ ನೀವು ಒಗೆಯಲು ಬಯಸುವ ಸರದಿಗಳಿಂದ ಭಾಗಿಸಿ, ಮೇಲೆ ಒಂದು ಕಿಲೋ ಸೇರಿಸಿ.

ಆ ಒಂದು ಕಿಲೋ ಯಾಕೆಂದರೆ, ಉಪ್ಪುನೀರಿನಲ್ಲಿ ಡ್ರಮ್ಮನ್ನು ಒತ್ತಿ ತುಂಬಿದರೆ ಜಾಲಾಡುವಾಗ ನೀರು ಬಟ್ಟೆಯ ನಡುವೆ ಓಡಾಡುವುದಿಲ್ಲ; ಪುಡಿಯ ಶೇಷ ಬಿಳಿ ಗೆರೆಗಳಾಗಿ ಬಟ್ಟೆಯ ಮೇಲೇ ಉಳಿಯುತ್ತದೆ. ಮುಕ್ಕಾಲು ಡ್ರಮ್ ಮಾತ್ರ ತುಂಬಬೇಕು. ನಾಲ್ಕು ಜನರ ಮನೆಗೆ 7 ಕೆ.ಜಿ., ಅಜ್ಜ ಅಜ್ಜಿ ಸೇರಿ ಆರು ಜನರಿದ್ದರೆ 8 ಅಥವಾ 9 ಕೆ.ಜಿ. ಸಾಮಾನ್ಯವಾಗಿ ಸರಿಹೋಗುತ್ತದೆ. ಕಂಬಳಿ, ರಜಾಯಿ ಒಗೆಯಲೆಂದು ದೊಡ್ಡ ಯಂತ್ರ ಕೊಳ್ಳಬೇಡಿ. ವರ್ಷಕ್ಕೆ ಎರಡು ಸಲದ ಕೆಲಸಕ್ಕೆ ವರ್ಷವಿಡೀ ಹೆಚ್ಚು ನೀರು ಸುರಿದಂತಾಗುತ್ತದೆ.

ರೇಷ್ಮೆ ಸೀರೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಯಂತ್ರದಲ್ಲಿ ರೇಷ್ಮೆಗೆಂದು ಬೇರೆ ಗುಂಡಿ ಇದ್ದರೂ ಜರಿ ಇರುವ ಸೀರೆಯನ್ನು ಒಳಗೆ ಹಾಕಬಾರದು. ರೇಷ್ಮೆ ಬೆಳೆಯುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

4. ಮೂರು ಬಗೆಗಳಲ್ಲಿ ನಿಮ್ಮದು ಯಾವುದು

ಇಲ್ಲಿ ನಿಧಾನವಾಗಿ ಯೋಚಿಸಿ. ಸೆಮಿ ಆಟೊಮ್ಯಾಟಿಕ್, ಟಾಪ್ ಲೋಡ್, ಫ್ರಂಟ್ ಲೋಡ್ ಇವುಗಳನ್ನು ಅಂಗಡಿಯಲ್ಲಿ ಒಂದರ ಮೇಲೊಂದು ಮೆಟ್ಟಿಲಿನಂತೆ ತೋರಿಸುತ್ತಾರೆ, ದುಡ್ಡಿದ್ದವರು ಮೇಲಿನ ಮೆಟ್ಟಿಲಿಗೆ ಹೋಗಬೇಕೆಂಬಂತೆ. ಅದು ತಪ್ಪು. ಮೂರೂ ಮೂರು ಬಗೆಯ ಮನೆಗಳಿಗೆ ತಕ್ಕವು.

ಸೆಮಿ ಆಟೊಮ್ಯಾಟಿಕ್‌ನಲ್ಲಿ ಒಗೆಯಲು ಒಂದು ತೊಟ್ಟಿ, ಹಿಂಡಲು ಇನ್ನೊಂದು. ನೀರನ್ನು ನೀವೇ ತುಂಬಬೇಕು, ಬಟ್ಟೆಯನ್ನು ನೀವೇ ಎತ್ತಿ ಹಾಕಬೇಕು. ಬೆನ್ನುನೋವು ಇರುವವರಿಗೆ, ವಯಸ್ಸಾದವರಿಗೆ ಇದು ಕಷ್ಟ. ಆದರೆ ನಲ್ಲಿಯ ಒತ್ತಡ ಬೇಕಿಲ್ಲ, ಕೊಡದಿಂದಲೂ ತುಂಬಬಹುದು. ತೊಟ್ಟಿ ತುಂಬಲು ಸುಮಾರು 40ರಿಂದ 50 ಲೀಟರ್ ಹಿಡಿಯುತ್ತದೆ, ಆ ಸೋಪುನೀರನ್ನು ಎರಡು ಮೂರು ಸಲ ಬಳಸಬಹುದು: ಮೊದಲು ಬಿಳಿ, ಆಮೇಲೆ ಬಣ್ಣದ್ದು, ಕೊನೆಗೆ ಕಾಲೊರಸು. ಹೀಟರ್ ಇಲ್ಲ, ಮುಖ್ಯ ವಿದ್ಯುನ್ಮಾನ ಫಲಕವೂ ಹೆಚ್ಚಿನವುಗಳಲ್ಲಿ ಇಲ್ಲ, ಹಾಗಾಗಿ ಉಪ್ಪುನೀರು ಕೆಡಿಸಲು ಒಳಗೆ ಇರುವುದೇ ಕಡಿಮೆ. ತೂಕ ಕಡಿಮೆ, ಬಾಡಿಗೆ ಮನೆ ಬದಲಿಸುವಾಗ ಇಬ್ಬರು ಹೊತ್ತುಕೊಂಡು ಹೋಗಬಹುದು. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತಾ ಬಾಡಿಗೆ ಕೋಣೆಗಳಲ್ಲಿರುವ ಹುಡುಗರಿಗೆ, ವಾರಕ್ಕೆರಡು ಸಲ ಮಾತ್ರ ನೀರು ಬರುವ ಮನೆಗಳಿಗೆ, ಹೊಲದ ಕೆಂಪುಮಣ್ಣಿನ ಬಟ್ಟೆ ರಾಶಿ ಬೀಳುವ ರೈತರ ಮನೆಗಳಿಗೆ ನಾನು ಇದನ್ನೇ ಹೇಳುತ್ತೇನೆ.

ಟಾಪ್ ಲೋಡ್ ಯಂತ್ರದಲ್ಲಿ ಬಟ್ಟೆ ಮೇಲಿನಿಂದ ಹಾಕಿ ಗುಂಡಿ ಒತ್ತಿದರೆ ಮುಗಿಯಿತು. ಬಗ್ಗಬೇಕಿಲ್ಲ, ಮಧ್ಯದಲ್ಲಿ ನೆನಪಾದ ಕಾಲುಚೀಲವನ್ನೂ ಸೇರಿಸಬಹುದು. ತೊಂದರೆ ಒಂದೇ: ಬಟ್ಟೆ ನೀರಿನಲ್ಲಿ ಮುಳುಗಿಯೇ ತಿರುಗಬೇಕು, ಆದ್ದರಿಂದ ಒಂದು ಸರದಿಗೆ ಸುಮಾರು 100ರಿಂದ 140 ಲೀಟರ್ ನೀರು ಬೇಕು.

ಫ್ರಂಟ್ ಲೋಡ್ ಯಂತ್ರದ ಡ್ರಮ್ ಅಡ್ಡವಾಗಿ ತಿರುಗುತ್ತದೆ. ಬಟ್ಟೆ ಮೇಲಕ್ಕೆ ಹೋಗಿ ಸ್ವಲ್ಪ ನೀರಿನಲ್ಲಿ ಬೀಳುತ್ತದೆ, ಒಗೆಯುವ ಕಲ್ಲಿನ ಮೇಲೆ ಮೆಲ್ಲನೆ ಬಡಿದಂತೆ. 50ರಿಂದ 60 ಲೀಟರಿನಲ್ಲಿ ಕೆಲಸ ಮುಗಿಯುತ್ತದೆ. ಬಟ್ಟೆ ಸವೆಯುವುದು ಕಡಿಮೆ, ಕೊಳೆ ಹೋಗುವುದು ಚೆನ್ನಾಗಿ, ಹಿಂಡುವುದೂ ಗಟ್ಟಿಯಾಗಿ. ಆದರೆ ಬೆಲೆ ಹೆಚ್ಚು, ಸರದಿ ಉದ್ದ, ಒತ್ತಡ ಬೇಕು, ಹೆಚ್ಚಿನವಕ್ಕೆ ಹೀಟರ್ ಇರುತ್ತದೆ. ಒಳಗೆ ಕಾಂಕ್ರೀಟ್ ಭಾರ ಇರುವುದರಿಂದ 60 ಕಿಲೋ ಮೀರಿ ತೂಗುತ್ತದೆ.

ಈಗ ನೀರಿನ ದುಡ್ಡನ್ನು ಲೆಕ್ಕ ಹಾಕಿ. ವಾರಕ್ಕೆ ಐದು ಸರದಿ ಎಂದರೆ ತಿಂಗಳಿಗೆ ಇಪ್ಪತ್ತು. ಸರದಿಗೆ 55 ಲೀಟರಿನ ಫ್ರಂಟ್ ಲೋಡ್ 1,100 ಲೀಟರ್ ಬಳಸಿದರೆ, 120 ಲೀಟರಿನ ಟಾಪ್ ಲೋಡ್ 2,400 ಬಳಸುತ್ತದೆ. ವ್ಯತ್ಯಾಸ 1,300 ಲೀಟರ್. ನಾಲ್ಕು ತಿಂಗಳಿಗೆ 5,000 ಲೀಟರಿನ ಒಂದು ಟ್ಯಾಂಕರ್, ವರ್ಷಕ್ಕೆ ಮೂರು. ವರ್ಷಪೂರ್ತಿ ಟ್ಯಾಂಕರ್ ನೀರು ಕೊಳ್ಳುವ ಮನೆಗಳಲ್ಲಿ ಹತ್ತು ವರ್ಷಗಳ ಈ ಲೆಕ್ಕವನ್ನು ಎರಡು ಯಂತ್ರಗಳ ಬೆಲೆಯ ಅಂತರದ ಪಕ್ಕದಲ್ಲಿಟ್ಟು ನೋಡಲೇಬೇಕು.

ನನ್ನ ತೀರ್ಮಾನ ಹೀಗಿದೆ. ನೀರು ಕೊಂಡು ತರಿಸುವ ಮನೆ, ಒತ್ತಡ ಸಾಕಷ್ಟಿದೆ ಎಂದಾದರೆ ಫ್ರಂಟ್ ಲೋಡ್ ತೆಗೆದುಕೊಳ್ಳಿ, ಆದರೆ ತಣ್ಣೀರಿನಲ್ಲೇ ಬಳಸಿ. ಸ್ವಂತ ಕೊಳವೆಬಾವಿ ಇದೆ, ಒಂದೇ ಅಂತಸ್ತು, ಗಡಸುತನ 600ರ ಮೇಲೆ ಎಂದಾದರೆ ಹೀಟರ್ ಇಲ್ಲದ ಟಾಪ್ ಲೋಡ್. ನೀರೂ ಕರೆಂಟೂ ಯಾವಾಗ ಬರುತ್ತವೆ ಎಂಬ ಭರವಸೆಯೇ ಇಲ್ಲದ ಕಡೆ ಸೆಮಿ ಆಟೊಮ್ಯಾಟಿಕ್. ನಾನು ಎರಡನೆಯ ಸಲ ಕೊಂಡದ್ದು ಹೀಟರ್ ಇಲ್ಲದ ಟಾಪ್ ಲೋಡ್. ಆರನೆಯ ವರ್ಷದಲ್ಲಿ ಓಡುತ್ತಿದೆ.

5. ಹೀಟರ್ ಬೇಕೇ

ಬಿಸಿನೀರಿನಲ್ಲಿ ಎಣ್ಣೆಜಿಡ್ಡು, ಮಕ್ಕಳ ಬಟ್ಟೆಯ ಕಲೆ ಚೆನ್ನಾಗಿ ಹೋಗುತ್ತದೆ ಎಂಬುದು ನಿಜ. ಆದರೆ ನೀರು ಬಿಸಿಯಾದಷ್ಟೂ ಹಕ್ಕಳೆ ಕಟ್ಟುವುದು ಹೆಚ್ಚುತ್ತದೆ. 60 ಡಿಗ್ರಿ ದಾಟಿದರಂತೂ ಬೇಗ ಬೇಗ ಕಟ್ಟುತ್ತದೆ. ಹೀಟರ್ ಇರುವ ಯಂತ್ರವನ್ನೇ ಕೊಂಡರೆ ಒಂದು ವಿಷಯ ನೆನಪಿಡಿ: ಹಲವು ಯಂತ್ರಗಳಲ್ಲಿ ಹತ್ತಿ ಬಟ್ಟೆಯ ಗುಂಡಿ ಒತ್ತಿದ ಕೂಡಲೇ 40 ಅಥವಾ 60 ಡಿಗ್ರಿ ತಾನಾಗಿ ಆಯ್ಕೆಯಾಗುತ್ತದೆ. ಪ್ರತಿ ಸಲ ಅದನ್ನು ತಣ್ಣೀರಿಗೆ ಇಳಿಸಬೇಕು. ನಮ್ಮ ಮನೆಯಲ್ಲಿ ಹೀಟರ್ ಸುಟ್ಟದ್ದು ಈ ಒಂದು ಗುಂಡಿಯನ್ನು ಮೂರು ವರ್ಷ ಯಾರೂ ಗಮನಿಸದೆ ಇದ್ದುದರಿಂದ.

ಕರೆಂಟಿನ ಲೆಕ್ಕವೂ ಇದೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.6 ಯೂನಿಟ್ ಬೇಕು. ತಿಂಗಳಿಗೆ ಇಪ್ಪತ್ತು ಸರದಿಯಾದರೆ 12 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಎಂಬುದು ಗರಿಷ್ಠ ಮಿತಿ ಮಾತ್ರ. ನಿಮ್ಮ ಮನೆಗೆ ಎಷ್ಟು ಉಚಿತ ಎಂಬುದು ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ. ಬೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಅರ್ಹ ಯೂನಿಟ್ ನೋಡಿಕೊಳ್ಳಿ, ಈಗಾಗಲೇ ಅದರ ಅಂಚಿನಲ್ಲಿದ್ದರೆ ಈ 12 ಯೂನಿಟ್ ದುಡ್ಡಾಗಿ ಬರುತ್ತದೆ.

6. ಮೋಟಾರು ಮತ್ತು ಉಳಿದದ್ದು

ಬೇಕಾದಂತೆ ವೇಗ ಹೊಂದಿಸಿಕೊಳ್ಳುವ ಇನ್ವರ್ಟರ್ ಮೋಟಾರು ಒಳ್ಳೆಯದು: ಸದ್ದು ಕಡಿಮೆ, ಕರೆಂಟು ಕಡಿಮೆ, ಸವೆಯುವ ಬ್ರಷ್ ಇಲ್ಲ. ಮೋಟಾರಿಗೆ 10 ವರ್ಷ ವಾರಂಟಿ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಮೋಟಾರಿಗೆ ಮಾತ್ರ. ವೋಲ್ಟೇಜ್ ಏರಿಳಿತಕ್ಕೆ ಮೊದಲು ಬಲಿಯಾಗುವ ವಿದ್ಯುನ್ಮಾನ ಫಲಕಕ್ಕೆ ಎಷ್ಟು ವರ್ಷ ಎಂದು ಕೇಳಿ, ಬರೆದು ಕೊಡಲು ಹೇಳಿ. ಕರೆಂಟು ಹೋಗಿ ಬಂದಾಗ ನಿಂತಲ್ಲಿಂದಲೇ ಮುಂದುವರಿಯುವ ಸೌಲಭ್ಯ ನಮ್ಮ ಊರಿಗೆ ಬೇಕೇ ಬೇಕು. ಡ್ರಮ್ ಸ್ಟೀಲಿನದಾಗಿರಲಿ. ಮೊಬೈಲಿನಿಂದ ನಡೆಸುವ ಸೌಲಭ್ಯಕ್ಕೆ ಹೆಚ್ಚು ದುಡ್ಡು ಕೊಡುವ ಬದಲು ಅದೇ ದುಡ್ಡಿಗೆ ಸ್ಟೆಬಿಲೈಸರ್ ತನ್ನಿ.

ಯಂತ್ರದ ಮೇಲಿನ ಸ್ಟಾರ್ ಚೀಟಿಯಲ್ಲಿ ನಕ್ಷತ್ರಗಳನ್ನು ಎಣಿಸಿ ಬಿಡಬೇಡಿ. ಒಂದು ಕಿಲೋ ಬಟ್ಟೆಗೆ ಎಷ್ಟು ಕರೆಂಟು, ಎಷ್ಟು ಲೀಟರ್ ನೀರು ಎಂಬ ಅಂಕಿಗಳು ಅಲ್ಲೇ ಇರುತ್ತವೆ. ಎರಡು ಯಂತ್ರಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ನೀರಿನ ಅಂಕಿ ಕಡಿಮೆ ಇರುವುದನ್ನು ಆರಿಸಿ.

7. ಜಾಗ ಸಿದ್ಧಮಾಡಿ

ಅಗಲ, ಆಳ ಎರಡೂ 60 ಸೆಂಟಿಮೀಟರ್ ಎಂದುಕೊಂಡು, ಹಿಂದೆ ಪೈಪಿಗೆ ನಾಲ್ಕು ಇಂಚು ಬಿಟ್ಟು ಅಳೆಯಿರಿ. ಹಳೆಯ ಮನೆಗಳ ಬಚ್ಚಲಿನ ಬಾಗಿಲು ಚಿಕ್ಕದಿರುತ್ತದೆ, ಅದನ್ನೂ ಅಳೆಯಿರಿ. 16 ಆಂಪಿಯರಿನ ಸಾಕೆಟ್, ಸರಿಯಾದ ಅರ್ಥಿಂಗ್, ಕರೆಂಟು ಸೋರಿದರೆ ತಾನಾಗಿ ಕಡಿತಗೊಳಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇವು ಮೂರನ್ನೂ ಎಲೆಕ್ಟ್ರಿಷಿಯನ್ ಕೈಯಲ್ಲಿ ಮೊದಲೇ ಮಾಡಿಸಿ. ಒದ್ದೆ ಕೈ, ಒದ್ದೆ ನೆಲ, ಲೋಹದ ಯಂತ್ರ ಸೇರುವ ಜಾಗದಲ್ಲಿ ಇದರಲ್ಲಿ ಯಾವ ರಾಜಿಯೂ ಬೇಡ. ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಅರ್ಥಿಂಗ್ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ.

ನೀರು ಹೊರಹೋಗುವ ಪೈಪಿನ ತುದಿ ಫ್ರಂಟ್ ಲೋಡ್ ಯಂತ್ರಕ್ಕೆ ನೆಲದಿಂದ ಸುಮಾರು 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಮೋರಿಗೆ ಕೆಳಗೆ ಬಿಟ್ಟರೆ ತುಂಬಿದ ನೀರು ತುಂಬಿದಂತೆ ಹರಿದುಹೋಗುತ್ತದೆ. ಯಂತ್ರದ ತಳಕ್ಕೆ ಇಲಿ ನುಗ್ಗದಂತೆ ಜಾಲರಿ ಇದೆಯೇ ನೋಡಿ.

ನಲ್ಲಿಗೂ ಯಂತ್ರಕ್ಕೂ ನಡುವೆ ಏನು ಹಾಕಬೇಕು ಎಂದು ಎಲ್ಲರೂ ಕೇಳುತ್ತಾರೆ. ಕೊಳವೆಬಾವಿಯಿಂದ ಮರಳು ಬರುತ್ತಿದ್ದರೆ ತೊಳೆಯಬಹುದಾದ ಜಾಲರಿ ಫಿಲ್ಟರ್ ಹಾಕಿ. ದಟ್ಟವಾದ ಕ್ಯಾಂಡಲ್ ಫಿಲ್ಟರ್ ಬೇಡ, ಇದ್ದ ಒತ್ತಡವನ್ನೂ ಅದು ತಿನ್ನುತ್ತದೆ. ಪಾಲಿಫಾಸ್ಫೇಟ್ ಹರಳು ತುಂಬಿದ ಸಣ್ಣ ಫಿಲ್ಟರ್ ಗಡಸುತನವನ್ನು ತೆಗೆಯುವುದಿಲ್ಲ, ಹಕ್ಕಳೆ ಅಂಟುವುದನ್ನು ನಿಧಾನಗೊಳಿಸುತ್ತದೆ. ಹರಳು ಕರಗಿದಂತೆ ತುಂಬುತ್ತಿರಬೇಕು. ಗಡಸುತನವನ್ನು ನಿಜವಾಗಿ ತೆಗೆಯುವುದು ರೆಸಿನ್ ಎಂಬ ಸಣ್ಣ ಮಣಿಗಳು ತುಂಬಿದ ಸಾಫ್ಟ್‌ನರ್. ಅದನ್ನು ಆಗಾಗ ಅಡುಗೆ ಉಪ್ಪಿನ ನೀರಿನಿಂದ ತೊಳೆದು ಹುರುಪುಗೊಳಿಸಬೇಕು, ಹಾಗೆ ತೊಳೆದ ಉಪ್ಪುನೀರು ಗಿಡಕ್ಕೂ ಬಾರದು, ಮಣ್ಣಿಗೂ ಬಾರದು. ನೀರಿಗೆ ಇಷ್ಟು ಬಾಯಾರಿದ ಜಿಲ್ಲೆಯಲ್ಲಿ ಬಟ್ಟೆಗೆಂದೇ ಸಾಫ್ಟ್‌ನರ್ ಹಾಕಿಸಲು ನನ್ನ ಮನಸ್ಸು ಒಪ್ಪಿಲ್ಲ. ಪೈಪಿಗೆ ಅಯಸ್ಕಾಂತ ಕಟ್ಟುವ ಸಾಧನಕ್ಕೆ ದುಡ್ಡು ಕೊಡಬೇಡಿ.

8. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಮೊದಲ ಪ್ರಶ್ನೆ ಬೆಲೆಯದ್ದಲ್ಲ. ದುರಸ್ತಿಗೆ ಬರುವವರು ಕೋಲಾರದಲ್ಲೇ ಇದ್ದಾರೆಯೇ, ಇಲ್ಲ ಬೆಂಗಳೂರಿನಿಂದ ಬರಬೇಕೇ? ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿಯವರಾದರೆ ಊರಿನ ಹೆಸರು ಹೇಳಿಯೇ ಕೇಳಿ, ಅಲ್ಲಿಗೆ ಬರುತ್ತಾರೆಯೇ ಎಂದು. ಎರಡನೆಯದು, ಗಡಸು ನೀರಿನ ಹಾನಿ ವಾರಂಟಿಯೊಳಗೆ ಬರುತ್ತದೆಯೇ. ಕಾರ್ಡನ್ನು ಕೈಗೆ ತೆಗೆದುಕೊಂಡು ಓದಿ. ಮೂರನೆಯದು, ಕನಿಷ್ಠ ನೀರಿನ ಒತ್ತಡ ಎಷ್ಟು. ಕೈಪಿಡಿಯ ಪುಟ ತೋರಿಸಲು ಹೇಳಿ.

ವರಮಹಾಲಕ್ಷ್ಮಿ, ಆಯುಧಪೂಜೆ, ದೀಪಾವಳಿಯ ರಿಯಾಯಿತಿಗೆ ಕಾಯುವುದರಲ್ಲಿ ತಪ್ಪಿಲ್ಲ. ಬಡ್ಡಿಯಿಲ್ಲದ ಕಂತು ಎಂದರೆ ಸಂಸ್ಕರಣಾ ಶುಲ್ಕ ಎಷ್ಟು ಎಂದು ಕೇಳಿ. ಆನ್‌ಲೈನ್ ಬೆಲೆಯನ್ನು ಮೊಬೈಲಿನಲ್ಲಿ ತೋರಿಸಿ ಚೌಕಾಶಿ ಮಾಡಿ, ಆದರೆ ಸಾಧ್ಯವಾದರೆ ಊರಿನ ಅಂಗಡಿಯಲ್ಲೇ ಕೊಳ್ಳಿ. ಯಂತ್ರ ಕೆಟ್ಟ ದಿನ ಹೋಗಿ ನಿಂತು ಕೇಳಲು ಒಂದು ಬಾಗಿಲು ಇರುತ್ತದೆ. ಬಿಲ್ಲಿನ ಅಕ್ಷರಗಳು ಮಾಸುವ ಮುಂಚೆ ಫೋಟೊ ತೆಗೆದಿಡಿ. ವಾರಂಟಿಯ ವಿಷಯದಲ್ಲಿ ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.

9. ಯಂತ್ರ ಮನೆಗೆ ಬಂದ ದಿನ

ಫ್ರಂಟ್ ಲೋಡ್ ಯಂತ್ರದ ಹಿಂಭಾಗದಲ್ಲಿ ಸಾಗಣೆಗೆಂದು ಡ್ರಮ್ಮನ್ನು ಬಿಗಿದಿಟ್ಟ ಬೋಲ್ಟುಗಳಿರುತ್ತವೆ. ಅವನ್ನು ತೆಗೆಯದೆ ಓಡಿಸಿದರೆ ಯಂತ್ರ ಕುಣಿದು ಮೊದಲ ದಿನವೇ ಹಾಳಾಗಬಹುದು. ತೆಗೆದ ಬೋಲ್ಟುಗಳನ್ನು ಎಸೆಯಬೇಡಿ, ಮನೆ ಬದಲಿಸುವಾಗ ಮತ್ತೆ ಬೇಕು. ನಾಲ್ಕೂ ಕಾಲು ಸಮವಾಗಿ ನೆಲಕ್ಕೆ ಊರಿವೆಯೇ ಎಂದು ಒಂದು ತಟ್ಟೆಯಲ್ಲಿ ನೀರಿಟ್ಟು ನೋಡಿ. ಮೊದಲ ಸರದಿಯನ್ನು ಬಟ್ಟೆಯಿಲ್ಲದೆ ಓಡಿಸಿ.

10. ಉಪ್ಪುನೀರಿನಲ್ಲಿ ಬಾಳಿಸುವುದು

ಪುಡಿಯೋ ದ್ರವವೋ ಎಂದರೆ, ಗಡಸು ನೀರಿಗೆ ನನ್ನ ಆಯ್ಕೆ ಪುಡಿ. ನೀರನ್ನು ಮೆದುಗೊಳಿಸುವ ಸೋಡಾ, ಜಿಯೊಲೈಟ್‌ನಂತಹ ವಸ್ತುಗಳು ಪುಡಿಯಲ್ಲೇ ಹೆಚ್ಚು. ತಣ್ಣೀರಿನಲ್ಲಿ ಅದು ನಿಧಾನವಾಗಿ ಕರಗುವುದರಿಂದ, ಟಾಪ್ ಲೋಡ್ ಆದರೆ ಒಂದು ಚೊಂಬು ನೀರಿನಲ್ಲಿ ಕರಗಿಸಿಯೇ ಹಾಕಿ. ಫ್ರಂಟ್ ಲೋಡ್‌ಗೆ ಕಡಿಮೆ ನೊರೆಯ ಪುಡಿಯನ್ನೇ ಬಳಸಿ. ಬೂದಿ ಬಣ್ಣಕ್ಕೆ ತಿರುಗಿದ ಬಟ್ಟೆಗೆ ಇನ್ನಷ್ಟು ಪುಡಿ ಸುರಿಯಬೇಡಿ, ಇನ್ನೊಂದು ಸಲ ಜಾಲಾಡಿಸಿ.

ಹೊಲದ ಬಟ್ಟೆಯನ್ನು ನೇರವಾಗಿ ಯಂತ್ರಕ್ಕೆ ಹಾಕಬಾರದು. ಕೆಂಪುಮಣ್ಣು ಒಣಗಲಿ, ಕೊಡವಿ, ಬರೀ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದು ಆಮೇಲೆ ಹಾಕಿ. ಇಲ್ಲವಾದರೆ ಆ ನುಣುಪು ಮಣ್ಣು ಹೊರಹೋಗುವ ಫಿಲ್ಟರಿನಲ್ಲಿ ಕೆಸರಾಗಿ ಕೂರುತ್ತದೆ. ಮಾವಿನ ಕಾಲದಲ್ಲಿ ಸೊನೆ ತಾಗಿದ ಬಟ್ಟೆಯನ್ನು ಬೇರೆಯಾಗಿಯೇ ಇಡಿ. ಒಣಗಿದ ಸೊನೆಯ ಕಲೆಯನ್ನು ತೆಗೆಯುವ ಯಂತ್ರವನ್ನು ನಾನಂತೂ ಕಂಡಿಲ್ಲ.

ತಿಂಗಳಿಗೊಮ್ಮೆ ನಲ್ಲಿ ಮುಚ್ಚಿ, ನೀರು ಒಳಬರುವ ಪೈಪನ್ನು ಬಿಚ್ಚಿ, ಅದರ ಬಾಯಲ್ಲಿರುವ ಪುಟ್ಟ ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಯಂತ್ರ ನಿಧಾನವಾಗಿ ತುಂಬುತ್ತಿದೆ ಎಂಬ ದೂರುಗಳಲ್ಲಿ ನಾನು ನೋಡಿದ ಹೆಚ್ಚಿನವು ಇಲ್ಲೇ ಮುಗಿದಿವೆ. ಎರಡು ತಿಂಗಳಿಗೊಮ್ಮೆ 100 ಗ್ರಾಂ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲದ ಪುಡಿ) ಹಾಕಿ ಬಟ್ಟೆಯಿಲ್ಲದೆ ಒಂದು ಸರದಿ ಓಡಿಸಿ. ಕೈಪಿಡಿಯಲ್ಲಿ ಬೇರೆ ಪುಡಿ ಹೇಳಿದ್ದರೆ ಅದನ್ನೇ ಬಳಸಿ. ನಿಂಬೆ ಉಪ್ಪಿನ ಜೊತೆ ಬ್ಲೀಚಿಂಗ್ ಪುಡಿಯನ್ನಾಗಲಿ ಬ್ಲೀಚ್ ದ್ರವವನ್ನಾಗಲಿ ಎಂದೂ ಸೇರಿಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಕೆಲಸ ಮುಗಿದ ಮೇಲೆ ಬಾಗಿಲನ್ನು ತೆರೆದಿಡಿ, ಫ್ರಂಟ್ ಲೋಡ್ ಆದರೆ ರಬ್ಬರಿನ ಮಡಿಕೆಯನ್ನು ಒರೆಸಿ.

ಕೊನೆಯ ಸಲ ಜಾಲಾಡಿದ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಶೌಚಾಲಯಕ್ಕೆ, ಅಂಗಳ ತೊಳೆಯಲು ಬಳಸಿ. ಮೊದಲ ಸೋಪುನೀರನ್ನು ಗಿಡಗಳಿಗೆ ದಿನವೂ ಬಿಡಬೇಡಿ. ಪುಡಿಯಲ್ಲಿರುವ ಸೋಡಿಯಂ ಸೇರುತ್ತಾ ಹೋದರೆ ಮಣ್ಣು ಗಟ್ಟಿಯಾಗುತ್ತದೆ.

11. ಮಳೆನೀರು

ನಮ್ಮ ಅತ್ತೆಯವರು ಮಳೆ ಬಂದರೆ ಸೂರಿನ ಕೆಳಗೆ ಹಂಡೆ, ಕೊಪ್ಪರಿಗೆ ಸಾಲಾಗಿ ಇಡುತ್ತಿದ್ದರು. "ಈ ನೀರಿಗೆ ಸೋಪು ಬೇಡಮ್ಮ, ಕೈಯೇ ಸಾಕು" ಎನ್ನುತ್ತಿದ್ದರು. ಮಳೆನೀರಿನಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. ಕೋಲಾರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಸಾವಿರ ಚದರ ಅಡಿಯ ತಾರಸಿಯಲ್ಲಿ ಐದನೇ ಒಂದು ಭಾಗ ಸೋರಿ ಆರಿ ಹೋಯಿತು ಎಂದುಕೊಂಡರೂ 50,000 ಲೀಟರ್ ಸಿಗುತ್ತದೆ. ಎಲ್ಲವನ್ನೂ ಹಿಡಿದಿಡುವಷ್ಟು ದೊಡ್ಡ ಸಂಪು ಯಾರಲ್ಲೂ ಇರುವುದಿಲ್ಲ, ಆದರೆ ಸಂಪಿನಲ್ಲಿ ಅರ್ಧ ಮಳೆನೀರು, ಅರ್ಧ ಕೊಳವೆಬಾವಿ ನೀರು ಬೆರೆತರೆ ಗಡಸುತನವೂ ಅರ್ಧಕ್ಕೆ ಇಳಿಯುತ್ತದೆ. 600ರ ನೀರು 300ಕ್ಕೆ ಬಂದಂತೆ.

ತಾರಸಿಯ ಪೈಪನ್ನು ಜಲ್ಲಿ, ಮರಳಿನ ಸಣ್ಣ ಸೋಸುಗುಂಡಿಯ ಮೂಲಕ ಸಂಪಿಗೆ ತಿರುಗಿಸಿ. ಬೇಸಿಗೆಯ ದೂಳು ತೊಳೆದು ಬರುವ ಮೊದಲ ಮಳೆಯ ನೀರನ್ನು ಹೊರಗೆ ಬಿಡಲು ಒಂದು ತಿರುವುನಲ್ಲಿ ಇರಲಿ. ಸಂಪಿಗೆ ಮಳೆನೀರು ಸೇರಿದ ತಿಂಗಳುಗಳಲ್ಲಿ ಡಿಟರ್ಜೆಂಟ್ ಪುಡಿಯ ಅಳತೆಯನ್ನು ಅರ್ಧಕ್ಕೆ ಇಳಿಸಿ; ಉಪ್ಪುನೀರಿನ ಅಳತೆಯಲ್ಲೇ ಹಾಕಿದರೆ ನೊರೆ ಉಕ್ಕಿ ಯಂತ್ರ ನಡುವೆಯೇ ನಿಂತುಬಿಡುತ್ತದೆ.